ಬಾವಿಗೆ ಬೆನ್ನು ಹಾಕಿ ಕೂತವರು

ಜನವರಿ 9

ಪ್ರೀತಿಯ ಅಣ್ಣನಿಗೆ,

ಇಷ್ಟು ವರ್ಷದ ಮೇಲೆ ಇವಳಿಗೇನು ಬಂತು ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ಮಾತಾಡಿದರೆ ನಮಗೆ ಎರಡನೇ ನಿಮಿಷಕ್ಕೆ ಜಗಳ, ಮೂರನೇ ನಿಮಿಷಕ್ಕೆ ಯಾರಾದರೊಬ್ಬರು ಇಟ್ಟುಬಿಡುತ್ತೇವೆ. ಅದಕ್ಕೇ ಕಾಗದ. ಅಲ್ಲದೆ ನಾನು ಕೇಳುವುದಕ್ಕೆ ಉತ್ತರ ಬರಹದಲ್ಲೇ ಬೇಕು.

ನಮ್ಮ ಕಚೇರಿ ಈ ವರ್ಷ ಇಪ್ಪತ್ತೆರಡು ಸಣ್ಣ ಊರುಗಳನ್ನು ಪರೀಕ್ಷಿಸುತ್ತಿದೆ. ಇನ್ನೈವತ್ತು ವರ್ಷ ಅಲ್ಲಿ ಜನ ನೆಮ್ಮದಿಯಾಗಿ ಬದುಕಬಹುದೇ, ಒಂದು ಕೆಟ್ಟ ವರ್ಷ ಬಂದರೆ ಊರು ತಡೆದುಕೊಂಡು ಮತ್ತೆ ಎದ್ದು ನಿಲ್ಲುತ್ತದೆಯೇ ಎಂಬುದು ಪ್ರಶ್ನೆ. ನೀರು, ಚರಂಡಿ, ರಸ್ತೆ, ಆಸ್ಪತ್ರೆ, ಶಾಲೆ, ಕೆಲಸ, ಹೊರಗೆ ಹೋದವರು ವಾಪಸು ಬರುತ್ತಾರೋ ಇಲ್ಲವೋ, ಎಲ್ಲವನ್ನೂ ನೋಡುತ್ತಾರೆ. ಪಟ್ಟಿಯಲ್ಲಿ ನಮ್ಮೂರೂ ಇದೆ. ಉಳಿದದ್ದೆಲ್ಲ ಪರವಾಗಿಲ್ಲ. ನೀರಿನ ಪುಟಕ್ಕೆ ಬಂದಾಗ ಮಾತ್ರ ಇಲ್ಲಿನವರಿಗೆ ಕೈ ಓಡುತ್ತಿಲ್ಲ.

ಊರಿಗೆ ನೀರು ಕೊಡುವ ಆರು ಬಾವಿಗಳ ನಲವತ್ತು ವರ್ಷದ ಅಳತೆ ಇಲ್ಲಿದೆ. ಮೊದಲ ಇಪ್ಪತ್ತೊಂದು ವರ್ಷ ಅಪ್ಪ ಅಳೆದದ್ದು, ಆಮೇಲಿನ ಹತ್ತೊಂಬತ್ತು ನೀನು. ಅಪ್ಪನ ಕೈಯಲ್ಲಿ ನೀರು ನಿಧಾನವಾಗಿ ಇಳಿದಿದೆ. ನೀನು ಟೇಪು ಹಿಡಿದ ಮೊದಲ ತಿಂಗಳೇ ಆರೂ ಬಾವಿಗಳಲ್ಲಿ ಒಟ್ಟಿಗೆ ನಾಲ್ಕು ಅಡಿ ಕೆಳಗೆ ಹೋಗಿದೆ. ಆಮೇಲೆ ಎರಡು ಸಲ ಮುಕ್ಕಾಲು ಮುಕ್ಕಾಲು ಅಡಿ. ನೀರು ಹೀಗೆ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆಯೇ? ಏನು ನಡೆಯಿತು ಎಂದು ಬರೆದು ಕಳಿಸಿದರೆ ನಮ್ಮವರಿಗೆ ಅನುಕೂಲ.

ಅತ್ತಿಗೆ ಹೇಗಿದ್ದಾರೆ?

ನಿನ್ನ ತಂಗಿ


ಜನವರಿ 20

ಗುಂಡು,

ಉಳಿದದ್ದೆಲ್ಲ ಪರವಾಗಿಲ್ಲ ಎಂದು ಬರೆದೆಯಲ್ಲ, ದೊಡ್ಡ ಉಪಕಾರವಾಯಿತು. ಊರಿನವರಿಗೆಲ್ಲ ಹೇಳಿಬಿಡಲೇ, ನೀವು ಪರವಾಗಿಲ್ಲವಂತೆ ಎಂದು?

ನೀನು ಇದ್ದಾಗ ಬಾಗಿಲು ಮುಚ್ಚಿದ್ದ ಮುದ್ರಣಾಲಯವನ್ನು ಮುದ್ರಕನ ಮೊಮ್ಮಗಳು ತೆರೆದಿದ್ದಾಳೆ. ನಾಲ್ಕು ವರ್ಷದ ಹಿಂದೆ ಹೊಳೆ ಉಕ್ಕಿ ಸೇತುವೆ ಹೋಯಿತು. ಹನ್ನೊಂದು ದಿನದಲ್ಲಿ ಬಡಗಿಗಳೆಲ್ಲ ಸೇರಿ ಹಲಗೆ ಸೇತುವೆ ಹಾಕಿದರು. ಅದರ ಮೇಲೆ ಮೊದಲು ದಾಟಿದ್ದು ಅಂಚೆಯವನು, ಸೈಕಲ್ ತಳ್ಳಿಕೊಂಡು, ಬೈದುಕೊಂಡು. ನಮ್ಮ ಬೀದಿಯಲ್ಲಿ ಹದಿನಾಲ್ಕು ಮನೆಗಳಿವೆ, ಹದಿಮೂರರಲ್ಲಿ ದೀಪ ಉರಿಯುತ್ತದೆ. ಉರಿಯದ ಒಂದು ಮನೆ ಯಾರದ್ದೆಂದು ಕೇಳು, ನಿನ್ನ ಪಾಲಿಗೆ ಬಂದದ್ದು. ಇದನ್ನು ನಿಮ್ಮ ಯಾವ ಪುಟದಲ್ಲಿ ಬರೆಯುತ್ತೀರಿ?

ಬಾವಿ ಅಳತೆ ವಿಷಯ. ಪ್ರತಿ ತಿಂಗಳು ಒಂದನೇ ತಾರೀಖು ಹೋಗುತ್ತೇನೆ, ಅಳೆಯುತ್ತೇನೆ, ಬರೆಯುತ್ತೇನೆ. ಹತ್ತೊಂಬತ್ತು ವರ್ಷದಲ್ಲಿ ಒಂದು ತಿಂಗಳೂ ತಪ್ಪಿಸಿಲ್ಲ, ಜ್ವರ ಇದ್ದಾಗಲೂ. ಪುಸ್ತಕದಲ್ಲಿ ಇರುವುದೇ ನನ್ನ ಉತ್ತರ.

‘ಇಲ್ಲಿನವರು’, ‘ನಮ್ಮವರು’ ಎಂದೆಲ್ಲ ಬರೆದಿದ್ದೀಯ. ಯಾರವರು? ಹೆಸರಿಲ್ಲದ ಜನ ಪ್ರಶ್ನೆ ಕೇಳಿದರೆ ನನಗೆ ಮೈಯೆಲ್ಲ ಕಣ್ಣಾಗುತ್ತದೆ.

ಅತ್ತಿಗೆ ಚೆನ್ನಾಗಿದ್ದಾಳೆ.

ನಿನ್ನ ಅಣ್ಣ


ಫೆಬ್ರವರಿ 2

ಅಣ್ಣಾ,

ಸುತ್ತಿ ಬಳಸುವುದಿಲ್ಲ. ಊರುಗಳನ್ನು ಮೂರು ದರ್ಜೆ ಮಾಡುತ್ತಾರೆ. ನಲವತ್ತು ವರ್ಷದಲ್ಲಿ ನೀರು ಮೂರು ಅಡಿಯೊಳಗೆ ಇಳಿದಿದ್ದರೆ ‘ಉಳಿಯುವ ಊರು’. ಅದರ ಕಡತವನ್ನು ಐವತ್ತು ವರ್ಷ ಯಾರೂ ಮುಟ್ಟುವುದಿಲ್ಲ. ಮೂರರಿಂದ ಆರು ಅಡಿಯಾದರೆ ‘ಕಣ್ಣಿಡುವ ಊರು’. ಮೂರು ವರ್ಷಕ್ಕೊಮ್ಮೆ ಬಂದು ಅಳೆಯುತ್ತಾರೆ, ಆಸ್ಪತ್ರೆಗೆ, ಶಾಲೆಗೆ ಆಗಾಗ ಹೊಸ ಅನುಮತಿ ಬೇಕು. ಆರು ದಾಟಿದರೆ ‘ಬಿಡುವ ಊರು’. ಆಸ್ಪತ್ರೆಯನ್ನು ಎತ್ತುತ್ತಾರೆ, ಹೊಸ ಮನೆಗೆ ಅನುಮತಿ ಕೊಡುವುದಿಲ್ಲ, ಜನ ಒಬ್ಬೊಬ್ಬರಾಗಿ ಹೊರಡಲಿ ಎಂದು ಬಿಟ್ಟುಬಿಡುತ್ತಾರೆ. ನಮ್ಮೂರಿನ ಪುಸ್ತಕದ ಪ್ರಕಾರ ಎಂಟು ಅಡಿ ಇಳಿದಿದೆ. ನಿನ್ನ ಪುಸ್ತಕವೇ ನಿನ್ನ ಉತ್ತರವಾದರೆ ಊರು ಮೂರನೇ ದರ್ಜೆಗೆ ಹೋಗುತ್ತದೆ. ವರದಿ ಏಪ್ರಿಲ್ ಕೊನೆಗೆ ಮುಗಿಯಬೇಕು.

ಇನ್ನೊಂದು ಮಾತು. ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಮೂವತ್ತೆರಡು ವರ್ಷದ ಹಿಂದೆ, ಅಮ್ಮ ತೀರಿಕೊಂಡ ಮರುವರ್ಷ, ಆರೂ ಬಾವಿಗಳಲ್ಲಿ ನೀರು ಇದ್ದಕ್ಕಿದ್ದ ಹಾಗೆ ಒಂದೂವರೆ ಅಡಿ ಮೇಲೆ ಬಂದಿದೆ. ಅದೇ ವರ್ಷ ಊರಿಗೆ ಆಸ್ಪತ್ರೆ ಮಂಜೂರಾಯಿತು. ನೀರಿಲ್ಲದ ಊರಿಗೆ ಆಸ್ಪತ್ರೆ ಕೊಡುತ್ತಿರಲಿಲ್ಲ ಎಂದು ಹಳೆಯ ಆದೇಶದಲ್ಲಿದೆ. ಹಾಗಾಗಿ ಕೇಳಲೇಬೇಕು. ಅಪ್ಪ ನೀರನ್ನು ಹೆಚ್ಚು ಮಾಡಿ ಬರೆಯುತ್ತಿದ್ದರಾ? ಅದನ್ನು ತಿಳಿದ ನೀನು ನಿನ್ನ ಮೊದಲ ತಿಂಗಳೇ ಸುಮ್ಮನೆ ನಿಜ ಬರೆದುಬಿಟ್ಟೆಯಾ? ಆ ನಾಲ್ಕು ಅಡಿ ಅದೇನಾ?

ತಂಗಿ


ಫೆಬ್ರವರಿ 13

ಬಾಯಿಗೆ ಬಂದದ್ದನ್ನೆಲ್ಲ ಕಾಗದಕ್ಕೆ ಇಳಿಸುವುದನ್ನು ನಿನಗೆ ಯಾರು ಕಲಿಸಿದರು?

ಅಪ್ಪ ಸುಳ್ಳುಗಾರ ಎಂದು ಅಪ್ಪನ ಮಗಳು ಬರೆದ ಕಾಗದವನ್ನು ನಾನು ಮಡಚಿ ಜೇಬಿನಲ್ಲಿಟ್ಟುಕೊಂಡು ಆರು ಬಾವಿ ಸುತ್ತಿ ಬಂದಿದ್ದೇನೆ. ಆ ವರ್ಷ ಮಳೆ ಜೋರಾಗಿತ್ತು, ಅಷ್ಟೇ. ನಿನಗೆ ಆರು ವರ್ಷ, ನನಗೆ ಹನ್ನೆರಡು. ನನಗೆ ನೆನಪಿದೆ.

ನಿಜ ಹೇಳು, ಇದು ಊರಿನ ಪರೀಕ್ಷೆಯೋ ನನ್ನ ಪರೀಕ್ಷೆಯೋ? ಅಪ್ಪನ ಜೊತೆ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಬಾವಿಗೆ ಹೋದವಳು ನೀನು. ಅಪ್ಪ ಅಗಲದ ಕಟ್ಟೆಯ ಮೇಲೆ ಬೋರಲು ಮಲಗಿ ತಲೆ ಒಳಗೆ ಇಳಿಬಿಟ್ಟರೆ, ಅವರು ಜಾರದ ಹಾಗೆ ಅವರ ಮೀನಖಂಡದ ಮೇಲೆ ಭಾರಕ್ಕೆ ಕೂರುತ್ತಿದ್ದವಳು ನೀನು. ಅದಕ್ಕೇ ನಿನ್ನನ್ನು ಗುಂಡು ಎಂದು ಕರೆದದ್ದು. ಕೆಲಸ ಮಾತ್ರ ನನಗೆ ಬಂತು. ಗಂಡುಮಗ ಇರುವಾಗ ಹುಡುಗಿಗೆ ಯಾಕೆ ಎಂದರು ಊರಿನವರು. ನಾನು ಹೂಂ ಎಂದೆ. ಮಾರನೇ ತಿಂಗಳು ನೀನು ಪೆಟ್ಟಿಗೆ ಕಟ್ಟಿದೆ. ಆ ಸಿಟ್ಟು ಹತ್ತೊಂಬತ್ತು ವರ್ಷ ಕೊಳೆಯದೆ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಮೇಲಿನ ಹಗೆಗೆ ಊರಿಗೇ ಬೀಗ ಹಾಕಿಸುತ್ತೀಯಾ?

ಇನ್ನು ಈ ವಿಷಯ ಬರೆಯಬೇಡ.


ಮಾರ್ಚ್ 1

ಅಣ್ಣಾ,

ಕೂಗಾಡಿದ್ದೀಯ, ಉತ್ತರ ಕೊಟ್ಟಿಲ್ಲ. ಎಲ್ಲಿ ಉತ್ತರ ಇರುವುದಿಲ್ಲವೋ ಅಲ್ಲಿ ನೀನು ಕೂಗುತ್ತೀಯ. ಚಿಕ್ಕಂದಿನಿಂದ ನೋಡಿದ್ದೇನೆ.

ನಿನ್ನ ಎರಡೂ ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡಿದ್ದೇನೆ. ಎರಡನೆಯದನ್ನು ಆಸ್ಪತ್ರೆಯ ನಮೂನೆಯ ಹಿಂಬದಿಯಲ್ಲಿ ಬರೆದಿದ್ದೀಯ. ಮೊದಲನೆಯದರ ಅಂಚಿನಲ್ಲೂ ಅದೇ ಮೊಹರಿನ ಅರ್ಧ ಗುರುತಿದೆ. ಬಾವಿ ಅಳೆಯುವವನಿಗೆ ಆಸ್ಪತ್ರೆಯಲ್ಲಿ ಕೂತು ಕಾಗದ ಬರೆಯುವ ಕೆಲಸವೇನು? ದರ್ಜೆ ಕೆಳಗಾದರೆ ಮೊದಲು ಕೈಬಿಡುವುದು ಆಸ್ಪತ್ರೆಯನ್ನೇ. ಅಲ್ಲಿನ ಆಡಳಿತದವರು ನಿನ್ನ ಕಿವಿ ಹಿಂಡುತ್ತಿದ್ದಾರಾ? ಅವರು ಹೇಳಿಕೊಟ್ಟ ಹಾಗೆ ಉತ್ತರ ತಪ್ಪಿಸುತ್ತಿದ್ದೀಯಾ? ಯಾರ ತಾಳಕ್ಕೆ ಕುಣಿಯುತ್ತಿದ್ದೀಯ?

ಇದನ್ನು ಬರೆಯಲು ನನಗೂ ಹಿಂಸೆಯೇ.


ಮಾರ್ಚ್ 8

ಗುಂಡು,

ಆಸ್ಪತ್ರೆಯ ಕುರ್ಚಿಯಲ್ಲಿ ಕೂತೇ ಬರೆಯುತ್ತಿದ್ದೇನೆ. ಮೊಹರು ಪೂರ್ತಿ ಬಿದ್ದಿರುವ ಹಾಳೆಯನ್ನೇ ಆರಿಸಿದ್ದೇನೆ, ನಿನಗೆ ಅರ್ಧಂಬರ್ಧ ಗುರುತು ಹುಡುಕುವ ಕಷ್ಟ ಬೇಡ.

ನಿನ್ನ ಅತ್ತಿಗೆಯ ಎರಡೂ ಮೂತ್ರಪಿಂಡ ಕೈಕೊಟ್ಟು ಹದಿನಾಲ್ಕು ತಿಂಗಳಾಯಿತು. ಮಂಗಳವಾರ, ಶುಕ್ರವಾರ ಡಯಾಲಿಸಿಸ್. ನಾಲ್ಕು ಗಂಟೆ ಅವಳು ಯಂತ್ರದ ಪಕ್ಕ ಮಲಗುತ್ತಾಳೆ, ನಾನು ಈ ಕುರ್ಚಿಯಲ್ಲಿ. ಯಂತ್ರ ಊರಿಗೆಲ್ಲ ಒಂದೇ. ಅದಕ್ಕೆ ಶುದ್ಧ ನೀರು ಬೇಕು, ತುಂಬಾ ಬೇಕು. ಇದು ಹೋದರೆ ಮುಂದಿನದು ನಾಲ್ಕು ಗಂಟೆ ದಾರಿ. ನಮ್ಮಮ್ಮ ಹೊಟ್ಟೆ ಹಿಡಿದುಕೊಂಡು ತರಕಾರಿ ಲಾರಿಯ ಹಿಂದೆ ಮಲಗಿ ಹೊರಟು ಅರ್ಧ ದಾರಿಯಲ್ಲಿ ಹೋದರಲ್ಲ, ಅದೇ ನಾಲ್ಕು ಗಂಟೆ. ವಾರಕ್ಕೆ ಎರಡು ಸಲ ಹೋಗಿ ಬರಲು ಅವಳಿಂದ ಆಗುವುದಿಲ್ಲ ಎಂದು ಡಾಕ್ಟರು ಬಾಯಿಬಿಟ್ಟೇ ಹೇಳಿದ್ದಾರೆ.

ನಿನಗೆ ಯಾಕೆ ಹೇಳಲಿಲ್ಲ ಎಂದರೆ, ಹೇಳಿದ್ದರೆ ಬೇಡಿದ ಹಾಗಿರುತ್ತಿತ್ತು. ಚೆನ್ನಾಗಿದ್ದಾಳೆ ಎಂದು ಬರೆ ಎಂದವಳೂ ಅವಳೇ. ಈಗಲೂ ಪಕ್ಕದಿಂದ ಕೇಳುತ್ತಿದ್ದಾಳೆ, “ಏನ್ರೀ ಅಷ್ಟುದ್ದ ಬರೀತಿದ್ದೀರಿ? ಬೈತಿದ್ದೀರಾ? ಪಾಪ ಕಣ್ರೀ, ಬಿಡಿ.”

ನಾನು ಯಾರ ತಾಳಕ್ಕೂ ಕುಣಿಯುತ್ತಿಲ್ಲ. ನಿನ್ನನ್ನು ಒಂದೇ ಮಾತು ಕೇಳುತ್ತೇನೆ, ತಪ್ಪಿಸದೆ ಹೇಳು. ನಮ್ಮೂರಿನ ವರದಿ ಬರೆಯುತ್ತಿರುವವರು ಯಾರು?

ಅಣ್ಣ


ಮಾರ್ಚ್ 17

ಅಣ್ಣಾ,

ನಾನೇ.

ಊರುಗಳನ್ನು ಹಂಚುವಾಗ ನಾನೇ ಕೇಳಿ ತೆಗೆದುಕೊಂಡೆ. ಹುಟ್ಟಿದ ಊರನ್ನು, ರಕ್ತಸಂಬಂಧಿಕರಿರುವ ಊರನ್ನು ಪರೀಕ್ಷಿಸಬಾರದೆಂದು ನಮ್ಮಲ್ಲಿ ನಿಯಮವಿದೆ. ‘ಸಂಬಂಧಿಕರು ಇಲ್ಲ’ ಎಂಬ ಜಾಗದಲ್ಲಿ ಸಹಿ ಹಾಕಿದ್ದೇನೆ. ನಿನ್ನನ್ನು ಅಷ್ಟು ಪ್ರಶ್ನೆ ಕೇಳಿದವಳು ಮೊದಲ ದಿನವೇ ಸುಳ್ಳು ಬರೆದು ಕೂತಿದ್ದೆ. ಹಗೆಯಿಂದ ಅಲ್ಲ. ಪೂರ್ತಿ ಹಗೆಯಿಂದ ಅಲ್ಲ ಎನ್ನಬೇಕು. ನಾನಿಲ್ಲದೆ ಆ ಬಾವಿಗಳು ಹೇಗಿವೆ ಎಂದು ನೋಡುವ ಆಸೆಯಿತ್ತು. ನೀನು ಕೆಟ್ಟದಾಗಿ ಅಳೆದಿದ್ದರೆ ಒಳಗೊಳಗೇ ಖುಷಿಪಡುವ ಆಸೆಯೂ ಇತ್ತು. ಅತ್ತಿಗೆಯ ವಿಷಯ ಓದಿದ ಮೇಲೆ ನನ್ನ ಮುಖ ನನಗೇ ನೋಡಲಾಗುತ್ತಿಲ್ಲ.

ಅಮ್ಮ ಹೋದ ಮೇಲೆ ಮನೆಯಲ್ಲಿ ಬಿಡಲು ಯಾರೂ ಇಲ್ಲವೆಂದು ಅಪ್ಪ ನನ್ನನ್ನು ಬಾವಿಗೆ ಕರೆದುಕೊಂಡು ಹೋಗಲು ಶುರುಮಾಡಿದರು. ಮೊದಲ ದಿನ ಚೆನ್ನಾಗಿ ನೆನಪಿದೆ. “ಆ ಕಡೆ ಮುಖ ಮಾಡ್ಕೊಂಡು ಕೂರು, ಒಳಗೆ ನೋಡಿದ್ರೆ ತಲೆ ತಿರುಗುತ್ತೆ” ಎಂದರು. ಬಾವಿಗೆ ಬೆನ್ನು ಹಾಕಿ, ಅವರ ಎರಡು ಅಂಗಾಲು ನೋಡುತ್ತಾ ಕೂತಿದ್ದೆ. ಆವತ್ತು ಅವರ ಮೈ ಟಕ್ ಟಕ್ ಎಂದು ಅದುರುತ್ತಿತ್ತು. ಏನಪ್ಪಾ ಎಂದರೆ, “ಗೋಡೆಯಲ್ಲಿ ಬೇರು ಬಿಟ್ಟಿದೆ, ಕೀಳ್ತಿದ್ದೀನಿ, ಅಲ್ಲಾಡ್ಬೇಡ” ಎಂದರು. ನಾನು ಉಸಿರೂ ಬಿಡದೆ ಕೂತೆ. ಹದಿನೆಂಟು ತುಂಬುವವರೆಗೂ ಹಾಗೇ ಕೂತಿದ್ದೇನೆ, ಒಮ್ಮೆಯೂ ತಿರುಗಿ ನೋಡಿಲ್ಲ. ಅಪ್ಪ ಒಳಗೆ ಹೇಗೆ ಅಳೆಯುತ್ತಿದ್ದರು ಎಂಬುದು ನನಗೆ ಗೊತ್ತೇ ಇಲ್ಲ ಎಂದು ನಿನಗೆ ಬೈಯುತ್ತಾ ಕೂತಾಗ ಹೊಳೆಯಿತು.

ಒಂದನ್ನೇ ಹೇಳು. ನೀನು ಎಲ್ಲಿಂದ ಅಳೆಯುತ್ತೀಯ? ಟೇಪಿನ ತಲೆಯನ್ನು ಎಲ್ಲಿ ಇಡುತ್ತೀಯ?

ಗುಂಡು


ಏಪ್ರಿಲ್ 22

ಗುಂಡು,

ಐದು ವಾರ ಸುಮ್ಮನಿದ್ದೆ. ವರದಿಯ ದಿನ ಹತ್ತಿರ ಬರುತ್ತಿದೆ ಎಂದು ಗೊತ್ತಿದ್ದೂ ಸುಮ್ಮನಿದ್ದೆ. ಇದನ್ನು ನಿನ್ನ ಅತ್ತಿಗೆಗೂ ಹೇಳಿರಲಿಲ್ಲ. ನಿನ್ನೆ ಹೇಳಿದೆ. ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಇಷ್ಟು ವರ್ಷ ಒಬ್ರೇ ಇಟ್ಕೊಂಡಿದ್ರಾ?” ಎಂದಳು.

ನನಗೆ ಬಾವಿ ಎಂದರೆ ಭಯ.

ಊರಿನವರು ನನ್ನನ್ನು ಬಾವಿ ಸಾಹೇಬ ಎನ್ನುತ್ತಾರೆ, ನಾನು ಎದೆಯುಬ್ಬಿಸಿ ಓಡಾಡುತ್ತೇನೆ. ತಲೆ ಕಟ್ಟೆ ದಾಟಿ ಒಳಗೆ ಹೋದರೆ ನನ್ನದೇ ಉಸಿರು ಕಿವಿಗೆ ದೊಡ್ಡದಾಗಿ ಕೇಳುತ್ತದೆ. ಹತ್ತು ವರ್ಷದವನಿದ್ದಾಗ ಅಪ್ಪ ಒಮ್ಮೆ ಬಗ್ಗಿಸಿ ತೋರಿಸಿದರು. ಚಡ್ಡಿಯಲ್ಲೇ ಆಗಿಹೋಯಿತು. ಆಮೇಲೆ ಅವರು ನನ್ನನ್ನು ಕರೆಯಲಿಲ್ಲ. ನಿನ್ನನ್ನು ಕರೆದುಕೊಂಡು ಹೋದಾಗ ಹೊಟ್ಟೆಕಿಚ್ಚೂ ಆಯಿತು, ಬಚಾವಾದೆ ಎಂದೂ ಅನಿಸಿತು.

ಹಾಸಿಗೆ ಹಿಡಿದಾಗ ಅಪ್ಪ ಹೇಳಿದ್ದು ಇಷ್ಟು. “ಪ್ರತಿ ಬಾವಿಯೊಳಗೂ ಕಟ್ಟೆಯಿಂದ ಕೆಳಗೆ ಒಂದು ಕಬ್ಬಿಣದ ಮೊಳೆ ಇದೆ. ಟೇಪಿನ ಬಳೆ ಅದಕ್ಕೆ ಸಿಕ್ಕಿಸಿ ಇಳಿಬಿಡು. ಕಟ್ಟೆಯಿಂದ ಅಳೀಬೇಡ. ಕಟ್ಟೆ ಒಡೆಯುತ್ತೆ, ಯಾರೋ ಬಂದು ಎತ್ತರ ಮಾಡ್ತಾರೆ. ಮೊಳೆ ಅಲ್ಲಾಡಲ್ಲ.”

ಮೊದಲ ತಿಂಗಳು ಮೊದಲ ಬಾವಿಗೆ ಹೋದೆ. ಮಲಗಿದೆ. ಆಗಲಿಲ್ಲ. ಎದ್ದು, ಸುತ್ತ ಯಾರೂ ಇಲ್ಲವೆಂದು ನೋಡಿ, ಕಟ್ಟೆಯ ಮೇಲಿಂದಲೇ ಟೇಪು ಬಿಟ್ಟೆ. ಮೊಳೆ ಎಷ್ಟು ಕೆಳಗಿದೆಯೋ ಅಷ್ಟು ಕಳೆದು ಬರೆಯಬೇಕಿತ್ತು. ಎಷ್ಟು ಎಂದು ತಿಳಿಯಲು ಬಗ್ಗಿ ನೋಡಬೇಕಿತ್ತಲ್ಲ. ಬಂದದ್ದನ್ನೇ ಬರೆದೆ. ಪ್ರತಿ ಸಲ ಒಂದೇ ಕಡೆಯಿಂದ ಅಳೆದರೆ ಸಾಕು, ಏನು ಮಹಾ ಎಂದುಕೊಂಡೆ. ಆಮೇಲೆ ಎರಡು ಸಲ ರಸ್ತೆ ಎತ್ತರ ಮಾಡಿದರು, ಅದರ ಜೊತೆ ಕಟ್ಟೆಗಳನ್ನೂ ಮುಕ್ಕಾಲು ಮುಕ್ಕಾಲು ಅಡಿ ಏರಿಸಿದರು. ಅದನ್ನೂ ಬರೆಯಲಿಲ್ಲ. ಬರೆದರೆ ಮೊದಲಿನದೂ ಹೊರಗೆ ಬರುತ್ತಿತ್ತು.

ಮೆಟ್ಟಿಲು ಇಳಿದದ್ದು ನೀರಲ್ಲ, ನಾನು. ಅಪ್ಪ ಸುಳ್ಳು ಬರೆದಿಲ್ಲ. ಇದನ್ನು ನಿನಗೆ ಬೇಕಾದ ಕಡೆ ಉಪಯೋಗಿಸಿಕೋ. ಕೆಲಸ ಹೋದರೆ ಹೋಗಲಿ, ಅವಳಿಗೆ ಯಂತ್ರ ಉಳಿದರೆ ಸಾಕು.

ಅಣ್ಣ


ಮೇ 4

ಅಣ್ಣಾ,

ನಿನ್ನ ಕಾಗದ ತೆಗೆದುಕೊಂಡು ನೇರ ಮೇಲಧಿಕಾರಿಯ ಕೋಣೆಗೆ ಹೋದೆ. ಇದು ಯಾರು ಬರೆದದ್ದು ಎಂದು ಕೇಳಿದರು. ನನ್ನ ಅಣ್ಣ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದನ್ನು ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ನನ್ನಿಂದ ಊರನ್ನು ಕಿತ್ತುಕೊಂಡಾಗಿತ್ತು. ಎರಡು ವರ್ಷ ಬಡ್ತಿ ಇಲ್ಲ, ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಸಾಲು. ಇರಲಿ. ನಿನ್ನ ಕಾಗದವನ್ನು ಮಾತ್ರ ಕಡತಕ್ಕೆ ಸೇರಿಸಿದರು, ಗಡುವನ್ನೂ ಮುಂದಕ್ಕೆ ಹಾಕಿದರು.

ಜೂನ್ ಮೊದಲ ವಾರ ಬೇರೆ ಪರೀಕ್ಷಕರು ಬರುತ್ತಾರೆ. ವಯಸ್ಸಾದವರು, ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡಿರುತ್ತಾರೆ, ಬಗ್ಗಲಾಗುವುದಿಲ್ಲ. ಕಟ್ಟೆಯಿಂದ ಮೊಳೆ ಎಷ್ಟು ಆಳದಲ್ಲಿದೆ ಎಂದು ನೀನು ತೋರಿಸಬೇಕು, ಅವರು ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಾರೆ. ಅಷ್ಟಾದರೆ ಹಳೆಯ ಅಂಕಿಗಳನ್ನು ತಿದ್ದಬಹುದು.

ನಿನಗೆ ಭಾರಕ್ಕೆ ಯಾರಾದರೂ ಬೇಕಲ್ಲ, ನಾನು ರಜೆ ಹಾಕಿ ಬರುತ್ತೇನೆ. ಈಗ ಅರವತ್ತೆಂಟು ಕಿಲೋ ಇದ್ದೇನೆ. ನೀನು ಎಲ್ಲಿಗೂ ಜಾರುವುದಿಲ್ಲ.

ಗುಂಡು


ಜೂನ್ 12

ಗುಂಡು,

ಊರಿಗೆಲ್ಲ ಗೊತ್ತಾಗಿದೆ. ಅಂಚೆಯವನು ನಿಂತು ಕೈಕುಲುಕಿ ಹೋದ. ಮುದ್ರಕನ ಮೊಮ್ಮಗಳು ‘ಉಳಿಯುವ ಊರು’ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ ಬಾಗಿಲಿಗೆ ಅಂಟಿಸಿದ್ದಾಳೆ. ಆದೇಶ ಇನ್ನೂ ಬಂದಿಲ್ಲ ಎಂದರೆ, “ಬಿಡಿ ಸಾಹೇಬ್ರೆ, ಬರುತ್ತೆ” ಎನ್ನುತ್ತಾಳೆ. ಎಂಟು ಅಡಿಯಲ್ಲಿ ಮೊಳೆಯ ನಾಲ್ಕು ಕಳೆದು, ಕಟ್ಟೆಯ ಒಂದೂವರೆ ಕಳೆದು, ಉಳಿದದ್ದು ಎರಡೂವರೆ. ಮೂರಕ್ಕೆ ಇನ್ನೂ ಅರ್ಧ ಅಡಿ ಬಾಕಿ. ನಿನ್ನ ಅತ್ತಿಗೆ ಆ ಸುದ್ದಿ ಕೇಳಿ ಯಂತ್ರದ ಪಕ್ಕ ಮಲಗಿಕೊಂಡೇ ಅತ್ತಳು. ನರ್ಸು ಓಡಿ ಬಂದು ಸೂಜಿ ನೋವಾ ಎಂದು ಕೇಳಿದರು.

ಪರೀಕ್ಷಕರು ಬಂದ ದಿನ ನಾನು ಕಟ್ಟೆಯ ಮೇಲೆ ಮಲಗಿದ್ದು, ಬೆವೆತದ್ದು, ವಾಪಸು ತೆವಳಿದ್ದು ಎಲ್ಲವನ್ನೂ ನೀನು ನೋಡಿದೆ. “ಏಳು, ನಾನು ನೋಡ್ತೀನಿ. ನೀನು ಕೂರು” ಎಂದೆ. ಆ ಪರೀಕ್ಷಕರ ಎದುರು ನಿನ್ನ ಕಾಲ ಮೇಲೆ, ಬಾವಿಗೆ ಬೆನ್ನು ಹಾಕಿ, ಈ ಹೊಟ್ಟೆ ಹೊತ್ತುಕೊಂಡು ಕೂತಿದ್ದೇನಲ್ಲ, ನಾಚಿಕೆಯಾಗಲಿಲ್ಲ ಕಣೇ. ಆರೂ ಬಾವಿಯಲ್ಲಿ ನೀನು ಒಳಗಿನಿಂದ ಅಂಕಿ ಕೂಗಿದೆ, ಅವರು ಬರೆದುಕೊಂಡರು. ಈ ಕೆಲಸ ನಿನಗೆ ಬರಬೇಕಿತ್ತು. ಇದನ್ನು ಹತ್ತೊಂಬತ್ತು ವರ್ಷದ ಹಿಂದೆಯೇ ಹೇಳಬೇಕಿತ್ತು.

ಆದರೆ ಒಂದು ವಿಷಯ ಮನಸ್ಸಿಗೆ ಚುಚ್ಚುತ್ತಿದೆ. ಮೊದಲ ಬಾವಿಯಿಂದ ಎದ್ದವಳು ಆಮೇಲೆ ಸರಿಯಾಗಿ ಮಾತಾಡಲಿಲ್ಲ. ಪ್ರತಿ ಬಾವಿಯಲ್ಲೂ ಅಂಕಿ ಕೂಗಿದ ಮೇಲೂ ಇನ್ನೆರಡು ನಿಮಿಷ ಒಳಗೇ ಇದ್ದೆ. ಬಸ್ಸಿನ ಕಿಟಕಿಯಿಂದ ಕೈಯನ್ನೂ ಬೀಸಲಿಲ್ಲ. “ಅವಳಿಗೆ ಏನೋ ಆಗಿದೆ ಕಣ್ರೀ, ಕೇಳಿ” ಎನ್ನುತ್ತಿದ್ದಾಳೆ ಇವಳು. ಇನ್ನೂ ನನ್ನ ಮೇಲೆ ಅನುಮಾನವಾ?

ಅಣ್ಣ


ಜೂನ್ 25

ಅಣ್ಣಾ,

ನಿನ್ನ ಮೇಲಲ್ಲ.

ಮೊಳೆ ನೀನು ಹೇಳಿದ ಹಾಗೆಯೇ ಇದೆ. ಕಟ್ಟೆ ಏರಿದ್ದರಿಂದ ಈಗ ಕೈಗೆ ಸಿಗುವುದಿಲ್ಲ, ಟಾರ್ಚಿನ ಬೆಳಕಿನಲ್ಲಿ ಕಾಣುತ್ತದೆ. ಅದರ ನೇರಕ್ಕೆ, ಒಂದೂವರೆ ಅಡಿ ಮೇಲೆ, ಗೋಡೆಯಲ್ಲಿ ಒಂದು ತೂತು ಇದೆ. ಸುಣ್ಣ ಮೆತ್ತಿ ಮುಚ್ಚಿದ್ದಾರೆ, ಸುತ್ತ ತುಕ್ಕಿನ ಕಲೆ ಉಳಿದಿದೆ. ಅದು ನನ್ನ ಬೆರಳಿಗೆ ಎಟುಕಿತು. ಒತ್ತಿದೆ, ಸುಣ್ಣ ಉದುರಿತು, ಬೆರಳಿನ ತುದಿ ಒಳಗೆ ಹೋಯಿತು. ಒಂದು ಬಾವಿಯಲ್ಲಾದರೆ ಏನೋ ಎನ್ನಬಹುದಿತ್ತು. ಆರರಲ್ಲೂ ಇದೆ. ನಾನು ಒಳಗೇ ಉಳಿದದ್ದು ಅದನ್ನು ಅಳೆಯಲು.

ಆ ವರ್ಷ ಮಳೆ ಜೋರಾಗಿರಲಿಲ್ಲ. ಅಪ್ಪ ಮೊಳೆ ಕಿತ್ತು ಒಂದೂವರೆ ಅಡಿ ಕೆಳಗೆ, ನೀರಿಗೆ ಅಷ್ಟು ಹತ್ತಿರ, ಹೊಡೆದರು. ಪುಸ್ತಕದಲ್ಲಿ ನೀರು ಒಂದೂವರೆ ಅಡಿ ಮೇಲೆ ಬಂತು, ಊರಿಗೆ ಆಸ್ಪತ್ರೆ ಬಂತು. ಹಳೆಯ ಮೊಳೆಗೆ ಯಾರ ಭಾರವೂ ಬೇಕಿರಲಿಲ್ಲ, ಅವರು ಒಬ್ಬರೇ ಬಗ್ಗಿದರೆ ಸಿಗುತ್ತಿತ್ತು. ಹೊಸ ಜಾಗಕ್ಕೆ ಸುತ್ತಿಗೆ ಹಿಡಿದು ಇಳಿಯಲು ಕಾಲ ಮೇಲೆ ಒಂದು ಗುಂಡು ಬೇಕಿತ್ತು. ಮನೆಯಲ್ಲಿ ಬಿಡಲು ಯಾರೂ ಇಲ್ಲವೆಂದು ಕರೆದುಕೊಂಡು ಹೋದರು ಎಂದುಕೊಂಡಿದ್ದೆ. ಆ ಟಕ್ ಟಕ್ ಆವತ್ತು ಒಂದೇ ದಿನ, ಆರು ಬಾವಿಯಲ್ಲಿ. ಆಮೇಲೆ ಯಾವತ್ತೂ ಇರಲಿಲ್ಲ.

ನನಗೆ ಅಪ್ಪನ ಮೇಲೆ ಸಿಟ್ಟು ಬರಲಿಲ್ಲ. ಅತ್ತಿಗೆ ಮಲಗುವ ಆ ಕೋಣೆ ಅವರು ಹೊಡೆದ ಮೊಳೆಯಿಂದ ಬಂದದ್ದು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ಪಕ್ಕದವರು ತಮ್ಮ ನೀರಿನ ಬಾಟಲಿ ಕೊಟ್ಟರು.

ಬಂದ ಮೇಲೆ ಒಂಬತ್ತು ದಿನ ಸುಮ್ಮನಿದ್ದೆ. ನಾನು ಬಾಯಿ ಮುಚ್ಚಿಕೊಂಡರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹತ್ತನೇ ದಿನ ಪರೀಕ್ಷಕರಿಗೆ ಬರೆದು ಕೊಟ್ಟೆ. ಎರಡೂವರೆಗೆ ಒಂದೂವರೆ ಸೇರಿ ನಾಲ್ಕು ಅಡಿ. ನಮ್ಮದು ಕಣ್ಣಿಡುವ ಊರು. ಯಂತ್ರ ಸದ್ಯ ಎಲ್ಲಿಗೂ ಹೋಗುವುದಿಲ್ಲ, ಮೂರು ವರ್ಷಕ್ಕೊಮ್ಮೆ ಅನುಮತಿ ಕೇಳಬೇಕು. ಪ್ರತಿ ಸಲ ಅರ್ಜಿಯನ್ನು ನಾನೇ ಬರೆದುಕೊಡುತ್ತೇನೆ. ಅತ್ತಿಗೆಗೆ ಮೂರು ವರ್ಷಕ್ಕೊಮ್ಮೆ ಎದೆ ಹೊಡೆದುಕೊಳ್ಳುವ ಹಾಗೆ ಮಾಡಿದ್ದೇನೆ, ಅದು ನನಗೆ ಗೊತ್ತು. ಆದರೆ ಉಳಿಯುವ ಊರು ಎಂದು ಬರೆದ ಊರಿನ ಬಾವಿಯನ್ನು ಐವತ್ತು ವರ್ಷ ಯಾರೂ ಬಗ್ಗಿ ನೋಡುವುದಿಲ್ಲ ಅಣ್ಣಾ. ನಾವಿಬ್ಬರೂ ನೋಡದೆಯೇ ಇಷ್ಟು ವರ್ಷ ಕಳೆದೆವು. ನೀರು ಇಳಿಯುತ್ತಲೇ ಇತ್ತು.

ನೀನು ಈಗ ಕೂಗುತ್ತೀಯ. ತೂತು ಗೀತು ಏನೂ ಇಲ್ಲ, ಇವಳು ಹುಟ್ಟಿಸಿಕೊಂಡು ಹೇಳುತ್ತಿದ್ದಾಳೆ ಎನ್ನುತ್ತೀಯ. ಅನ್ನು. ನನ್ನ ಮಾತನ್ನು ನಂಬು ಎಂದು ನಾನೂ ಕೇಳುವುದಿಲ್ಲ. ಮುದ್ರಣಾಲಯದ ಬಾಗಿಲಿನ ಹಾಳೆಯನ್ನು ತೆಗೆಸು. ಜುಲೈ ಒಂದಕ್ಕೆ ಬೆಳಗಿನ ಬಸ್ಸಿಗೆ ಬರುತ್ತೇನೆ. ನಾನು ಮಲಗುತ್ತೇನೆ, ನೀನು ನನ್ನ ಕಾಲ ಮೇಲೆ ಕೂರು. ಈ ಸಲ ಬಾವಿಯ ಕಡೆಗೆ ಮುಖ ಮಾಡಿಕೊಂಡು ಕೂರು.

ಗುಂಡು